ಕೊಟ್ಟಿಗೆಗೆ ಗೈಗರ್ ಕೌಂಟರ್: ಏನು ಅಳೆಯುತ್ತದೆ, ಏನು ಅಳೆಯಲ್ಲ

ಐದಕ್ಕೆ ಮೂರು ನಕ್ಷತ್ರ. ಯಂತ್ರವನ್ನಷ್ಟೇ ನೋಡಿದರೆ ನಾಲ್ಕು ಕೊಡಬಹುದಿತ್ತು. ಅದನ್ನು ದನ ಸಾಕುವವರಿಗೆ ಏನು ಹೇಳಿ ಮಾರುತ್ತಿದ್ದಾರೆ ಅನ್ನೋದನ್ನು ನೋಡಿ ಒಂದು ಕಳೆದೆ.

ಇದು ಅಂಗೈಯಲ್ಲಿ ಹಿಡಿಸುವ ಗೈಗರ್ ಕೌಂಟರ್, ಅಂದರೆ ವಿಕಿರಣ ಅಳೆಯುವ ಸಣ್ಣ ಮೀಟರ್. ಆನ್‌ಲೈನಲ್ಲಿ ತರಿಸಿದ್ದು, ಆರೂವರೆ ಸಾವಿರದ ಹತ್ತಿರ ಬಿತ್ತು. ಕಂಪನಿ ಹೆಸರು ಹಾಕುವುದಿಲ್ಲ. ಒಳಗೆ ಒಂದೇ ಬಗೆಯ ಸಾಮಾನು ಹಾಕಿ ಬೇರೆ ಬೇರೆ ಹೆಸರಲ್ಲಿ ಮಾರುವವರು ತುಂಬಾ ಇದ್ದಾರೆ, ನಾನು ಹೇಳುವುದು ಈ ಬೆಲೆಯ ಎಲ್ಲಾ ಮೀಟರಿಗೂ ಸಲ್ಲುತ್ತದೆ. ನಮ್ಮ ಮನೆ ಸಾಗರದ ಹತ್ತಿರ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ದನಗಳು, ಡೈರಿಗೆ ಹಾಲು ಹಾಕಲು ಒಂದೆರಡು ಜರ್ಸಿ. ಊರಿನ ವಾಟ್ಸಾಪ್ ಗುಂಪಿಗೆ ಈ ಮೀಟರಿನ ಜಾಹೀರಾತು ಮತ್ತೆ ಮತ್ತೆ ಬರುತ್ತಿತ್ತು. ಹಾಲು, ಮೇವು, ಮೊಟ್ಟೆ, ಮಾಂಸ ಯಾವುದರಲ್ಲಿ ವಿಕಿರಣ ಇದ್ದರೂ ಮನೆಯಲ್ಲೇ ಕಂಡುಹಿಡಿಯಬಹುದು ಅಂತ. ಜೊತೆಗೆ ಕೈಗಾ ಅಣುಸ್ಥಾವರದ ಹೆಸರು ಹೇಳಿ ಹೆದರಿಸುವ ಒಂದು ಆಡಿಯೋ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದವರೆಲ್ಲ ಅದನ್ನೇ ಮಾತಾಡುತ್ತಿದ್ದರು. ಹತ್ತು ಮನೆಯವರು ಹತ್ತು ಮೀಟರ್ ತರಿಸುವ ಬದಲು ಒಂದನ್ನು ತರಿಸಿ ಎಲ್ಲರೂ ನೋಡೋಣ ಅಂತ ಮಾತಾಯಿತು. ಹಾಗೆ ಬಂದದ್ದು ಇದು.

ತಯಾರಿಕೆ ಚೆನ್ನಾಗಿದೆ. ಮೊಬೈಲಿನ ಟೈಪ್ ಸಿ ಚಾರ್ಜರೇ ಸಾಕು. ಒಮ್ಮೆ ಚಾರ್ಜ್ ಮಾಡಿದರೆ ಬೇಗ ಇಳಿಯಲ್ಲ. ಅಂಕಿ ದೊಡ್ಡದಾಗಿ ಕಾಣುತ್ತದೆ, ವಯಸ್ಸಾದವರಿಗೂ ಓದಲು ಕಷ್ಟವಿಲ್ಲ. ಒಳಗಿನ ಕೊಳವೆಗೆ ವಿಕಿರಣ ತಾಗಿದಾಗಲೆಲ್ಲ ಟಿಕ್ ಅನ್ನುತ್ತದೆ, ಬೇಡ ಅಂದರೆ ಸದ್ದು ನಿಲ್ಲಿಸಬಹುದು. ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ. ನೀರು ಒಳಗೆ ಹೋಗದ ಹಾಗೆ ತಡೆಯುವ ರಬ್ಬರ್ ಎಲ್ಲೂ ಇಲ್ಲ, ಹಾಗಾಗಿ ನಮ್ಮ ಕಡೆಯ ಮಳೆಗಾಲದಲ್ಲಿ ಹೊರಗೆ ತೆಗೆಯಬೇಡಿ.

ಇನ್ನು ಅಳತೆ. ಜಗಲಿಯಲ್ಲಿಟ್ಟರೆ ಗಂಟೆಗೆ 0.12ರಿಂದ 0.16 ಮೈಕ್ರೋಸೀವರ್ಟ್ (ಮೈಗೆ ಎಷ್ಟು ವಿಕಿರಣ ತಾಗುತ್ತದೆ ಅಂತ ಹೇಳುವ ಅಳತೆ) ತೋರಿಸುತ್ತದೆ. ಇದು ಹೆದರುವ ಅಂಕಿಯಲ್ಲ. ಇಷ್ಟು ವಿಕಿರಣ ಎಲ್ಲಾ ಕಡೆ ಇದ್ದೇ ಇದೆ, ಸ್ವಲ್ಪ ಆಕಾಶದಿಂದ ಬರುತ್ತದೆ, ಸ್ವಲ್ಪ ಕಲ್ಲು ಮಣ್ಣಿನಿಂದ. ಕೇರಳದ ಚವರ ಕಡೆ ಕಡಲ ಮರಳಲ್ಲಿ ಮೋನಜೈಟ್ ಅನ್ನುವ ವಿಕಿರಣ ಸೂಸುವ ಖನಿಜ ಇರುವುದರಿಂದ ಅಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ, ಅಲ್ಲಿ ಜನ ತಲೆಮಾರುಗಳಿಂದ ಇದ್ದಾರೆ. ನಮ್ಮ ಅಡಿಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಇಟ್ಟರೆ ಅಂಕಿ ಸ್ವಲ್ಪ ಏರುತ್ತದೆ. ಕೊಟ್ಟಿಗೆಯಲ್ಲಿ ಜಗಲಿಯಷ್ಟೇ. ಹುಲ್ಲಿನ ಬಣವೆಗೆ ಹಿಡಿದರೂ ಅಷ್ಟೇ. ಹಾಲಿನ ಕ್ಯಾನಿಗೆ ತಾಗಿಸಿ ಹಿಡಿದರೂ ಅಷ್ಟೇ.

ನಿಜವಾಗಿ ಏರಿದ್ದು ಗೊಬ್ಬರದ ಕೋಣೆಯಲ್ಲಿ. ಪೊಟ್ಯಾಶ್ ಚೀಲಕ್ಕೆ ಒತ್ತಿ ಹಿಡಿದೆವು, ಟಿಕ್ ಟಿಕ್ ಜೋರಾಯಿತು, ಅಂಕಿ 0.25ರ ಹತ್ತಿರ ಹೋಗಿ ನಿಂತಿತು. ಜೊತೆಗಿದ್ದ ಪಕ್ಕದ ಮನೆಯ ಅಣ್ಣ, "ಇದನ್ನೇ ತೋಟಕ್ಕೆ ಹಾಕ್ತಾ ಇದೀವಲ್ಲ ಮಾರಾಯ್ರೆ" ಅಂತ ಗಾಬರಿಯಾದರು. ಗಾಬರಿ ಬೇಡ. ಪೊಟ್ಯಾಸಿಯಂ ಇರುವ ಕಡೆಯೆಲ್ಲ ಪೊಟ್ಯಾಸಿಯಂ-40 ಅನ್ನೋದು ಒಂದು ಚೂರು ಇರುತ್ತದೆ, ಅದು ಹುಟ್ಟಿನಿಂದಲೇ ವಿಕಿರಣ ಸೂಸುತ್ತದೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸುಮಾರು 31 ಬೆಕೆರೆಲ್ ಇರುತ್ತದೆ. ತೋಟಕ್ಕೆ ಹಾಕುವ ಪೊಟ್ಯಾಶಿನಲ್ಲಿ ಅರ್ಧದಷ್ಟು ತೂಕ ಪೊಟ್ಯಾಸಿಯಂನದೇ, ಅಂದರೆ ಕೆಜಿಗೆ 15,000 ಬೆಕೆರೆಲ್ ಆಸುಪಾಸು. ಬಾಳೆಹಣ್ಣಲ್ಲೂ ಇದೆ. ದೊಡ್ಡವರ ಮೈಯಲ್ಲೇ ಒಟ್ಟು 4,000 ಬೆಕೆರೆಲಿನಷ್ಟು ಇದೆ. ದೇಹ ತನಗೆ ಬೇಕಾದಷ್ಟು ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ, ಆದ್ದರಿಂದ ಬಾಳೆಹಣ್ಣು ತಿಂದು ಇದು ಏರುವುದಿಲ್ಲ.

ಆ ಚೀಲದ ಹತ್ತಿರವೇ ಈ ಮೀಟರಿನ ಮಿತಿ ಗೊತ್ತಾಗುವುದು. ಅದಕ್ಕೆ ಎಣಿಸಲು ಬರುತ್ತದೆ, ಗುರುತಿಸಲು ಬರಲ್ಲ. ಘಾಟಿಯಲ್ಲಿ ರಾತ್ರಿ ಹೊತ್ತು ಹೋಗುವ ಗಾಡಿಗಳ ಸದ್ದು ಎಣಿಸಿದ ಹಾಗೆ, ಎಷ್ಟು ಹೋದವು ಅಂತ ಹೇಳಬಹುದು, ಒಳಗೆ ಯಾರಿದ್ದರು ಅಂತ ಹೇಳಲಾಗಲ್ಲ. ಪೊಟ್ಯಾಸಿಯಂ-40 ಆದರೂ ಅದೇ ಟಿಕ್, ಅಣು ಅಪಘಾತದ ಸೀಸಿಯಂ-137 ಆದರೂ ಅದೇ ಟಿಕ್. ಇನ್ನೂ ಮುಖ್ಯವಾದ ವಿಷಯ: ಆಹಾರಕ್ಕೆ ಹಾಕುವ ಮಿತಿಗಳು ಈ ಮೀಟರಿನ ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದು ಕೆಜಿ ಮಾಂಸದಲ್ಲಿ 1,000 ಬೆಕೆರೆಲ್ ಸೀಸಿಯಂ ಇದೆ ಅಂತ ಇಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ಅದಕ್ಕಿಂತ ಮೇಲೆ ಹೋದರೆ ಆ ಮಾಂಸ ಮಾರುವಂತಿರಲಿಲ್ಲ. ಹತ್ತು ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದರಿಂದ ಈ ಪರದೆಯ ಅಂಕಿ 0.01ರಷ್ಟೂ ಏರಲ್ಲ. ಸುಮ್ನೆ ಜಗಲಿಯಲ್ಲಿಟ್ಟಾಗಲೇ 0.12ರಿಂದ 0.16ರವರೆಗೆ ಅದು ತಾನಾಗಿ ಓಲಾಡುತ್ತಿರುತ್ತದೆ. ಆ ಓಲಾಟದಲ್ಲಿ ಇದು ಮುಳುಗಿಹೋಗುತ್ತದೆ. ಹಾಲು ಪರೀಕ್ಷೆ ಮಾಡಿ ಅಂತ ಜಾಹೀರಾತು ಹಾಕುವವರಿಗೆ ಈ ಲೆಕ್ಕ ಗೊತ್ತಿರಲೇಬೇಕು. ನನಗೆ ಸಿಟ್ಟು ಬರುವುದು ಇಲ್ಲಿ. ಕೆಟ್ಟ ಹಾಲಿಗೂ ಇದು ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ, ಅದನ್ನು ನಂಬಿ ಮಕ್ಕಳಿಗೆ ಕುಡಿಸಿದರೆ?

ಕೈಗಾ ವಿಷಯವನ್ನೂ ಹೇಳಿಬಿಡ್ತೀನಿ, ಯಾಕೆಂದರೆ ಆ ಆಡಿಯೋ ಅದನ್ನೇ ಹಿಡಿದುಕೊಂಡಿದೆ. ಸಾಗರದಿಂದ ಕೈಗಾಕ್ಕೆ ನೇರ ಗೆರೆ ಎಳೆದರೆ ಸುಮಾರು 100 ಕಿಲೋಮೀಟರ್. ಸ್ಥಾವರ ಬರುವ ಮೊದಲು ನಡೆದ ವಿರೋಧ ನಮ್ಮ ಹಿರಿಯರಿಗೆ ನೆನಪಿದೆ, ಶಿವರಾಮ ಕಾರಂತರು 1989ರಲ್ಲಿ ಅದೇ ವಿಷಯ ಇಟ್ಟುಕೊಂಡು ಲೋಕಸಭೆ ಚುನಾವಣೆಗೂ ನಿಂತಿದ್ದರು. 2009ರಲ್ಲಿ ಸ್ಥಾವರದ ಒಳಗೆ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಜಲಜನಕ) ಸೇರಿ ಕೆಲಸಗಾರರ ದೇಹಕ್ಕೆ ಹೋಗಿತ್ತು, ಪೇಪರಿನಲ್ಲೆಲ್ಲ ಬಂದಿತ್ತು. ಆ ಟ್ರಿಟಿಯಂ ಇದೆಯಲ್ಲ, ಅದರ ಕಿರಣ ಎಷ್ಟು ಮೆತ್ತಗಿನದು ಅಂದರೆ ಈ ಮೀಟರಿನ ಕೊಳವೆಯ ಗೋಡೆಯನ್ನೇ ದಾಟಲ್ಲ. ಅಂದರೆ ಕೈಗಾ ಹೆಸರು ಹೇಳಿ ಮಾರುತ್ತಿರುವ ಈ ಯಂತ್ರಕ್ಕೆ ಕೈಗಾದಲ್ಲಿ ಆದ ಆ ಘಟನೆ ಗೊತ್ತೇ ಆಗುತ್ತಿರಲಿಲ್ಲ. ಕೈಗಾ ಸುತ್ತಮುತ್ತಲಿನ ನೀರು, ಹಾಲು, ಮೀನು, ತರಕಾರಿ ನೋಡಲು ಅಲ್ಲೇ ಪರಿಸರ ಸಮೀಕ್ಷೆ ಪ್ರಯೋಗಾಲಯ ಇದೆ. ಮಂಗಳೂರು ವಿಶ್ವವಿದ್ಯಾಲಯದಲ್ಲೂ ಪರಿಸರದ ವಿಕಿರಣ ಅಧ್ಯಯನಕ್ಕೇ ಒಂದು ಕೇಂದ್ರ ಇದೆ. ಹಾಲಿನಲ್ಲಿ ಏನಿದೆ ಅಂತ ಗೊತ್ತಾಗುವುದು ಅಂಥ ಕಡೆ, ಸೀಸದ ಗೋಡೆಯ ಒಳಗೆ ಮಾದರಿ ಇಟ್ಟು ಗಂಟೆಗಟ್ಟಲೆ ಎಣಿಸಿದಾಗ.

ಡೈರಿಯಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬರು ಒಳ್ಳೆ ಪ್ರಶ್ನೆ ಕೇಳಿದರು. "ಹಂಗಾದ್ರೆ ಬೇರೆ ದೇಶದಲ್ಲಿ ಅಣು ಅಪಘಾತ ಆದಾಗ ದನ ಕುರಿ ಇಟ್ಟವರು ಏನು ಮಾಡಿದ್ರು? ಯಾವಾಗ ಮಾರಬಹುದು ಅಂತ ಯಾರು ಹೇಳಿದ್ರು?" ಇದಕ್ಕೆ ಉತ್ತರ ಮೀಟರಿಗಿಂತ ಮುಖ್ಯ, ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತೇನೆ. ಅಳತೆ ಅನ್ನೋದು ಒಂದು ಸೇವೆಯಾಗಿ ರೈತರ ಮನೆ ಬಾಗಿಲಿಗೆ ಬಂದಾಗ ಹೇಗಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1986ರ ಏಪ್ರಿಲ್ 26ಕ್ಕೆ ಈಗಿನ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಬ್ರಿಟನ್ನಿನ ವೇಲ್ಸ್ ಗುಡ್ಡಗಳು ಅಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಆದರೂ ಗಾಳಿ ಹೊತ್ತು ತಂದಿತು, ಮೇ ತಿಂಗಳ ಮೊದಲ ದಿನಗಳಲ್ಲಿ ಅಲ್ಲಿ ಜೋರು ಮಳೆ ಬಂತು, ಎಲ್ಲೆಲ್ಲಿ ಮಳೆ ಸುರಿಯಿತೋ ಅಲ್ಲೆಲ್ಲ ಸೀಸಿಯಂ ನೆಲಕ್ಕಿಳಿಯಿತು. ಉತ್ತರ ವೇಲ್ಸ್, ಇಂಗ್ಲೆಂಡಿನ ಕಂಬ್ರಿಯಾ, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್, ಎಲ್ಲಾ ಕುರಿ ಮೇಯುವ ಗುಡ್ಡಗಾಡು. ಜೂನ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಮಾಂಸದಲ್ಲಿ ಕೆಜಿಗೆ 1,000 ಬೆಕೆರೆಲ್ ಮೀರಿದ ಸೀಸಿಯಂ ಇದ್ದರೆ ಮಾರಾಟಕ್ಕಿಲ್ಲ, ಗುರುತು ಹಾಕಿದ ಪ್ರದೇಶದಿಂದ ಕುರಿಗಳನ್ನು ಹೊರಗೆ ಸಾಗಿಸುವಂತಿಲ್ಲ. ಸುಮಾರು 9,800 ಹಿಡುವಳಿಗಳು, 40 ಲಕ್ಷಕ್ಕೂ ಜಾಸ್ತಿ ಕುರಿಗಳು ಈ ಆದೇಶದ ಒಳಗೆ ಬಂದವು. ಮೂರು ವಾರದಲ್ಲಿ ಮುಗಿಯುತ್ತದೆ ಅಂತ ಹೇಳಿದ್ದರು. ಕೊನೆಯ ಹಿಡುವಳಿಗಳ ಮೇಲಿನ ನಿರ್ಬಂಧ ತೆಗೆದದ್ದು 2012ರ ಜೂನ್ 1ಕ್ಕೆ. ಇಪ್ಪತ್ತಾರು ವರ್ಷ!

ಇಷ್ಟು ತಡ ಯಾಕಾಯಿತು ಅಂದರೆ ಅದು ಗುಡ್ಡದ ಮಣ್ಣಿನ ಗುಣ. ಗಿಡಕ್ಕೆ ಸೀಸಿಯಂ ಬೇರೆ, ಪೊಟ್ಯಾಸಿಯಂ ಬೇರೆ ಅಂತ ಸರಿಯಾಗಿ ಗೊತ್ತಾಗಲ್ಲ. ಮಣ್ಣಲ್ಲಿ ಪೊಟ್ಯಾಸಿಯಂ ಸಾಕಷ್ಟಿದ್ದರೆ ಅದನ್ನೇ ಎಳೆದುಕೊಳ್ಳುತ್ತದೆ, ಕಡಿಮೆ ಇದ್ದರೆ ಸೀಸಿಯಂ ಒಳಗೆ ಬರುತ್ತದೆ. ತಗ್ಗಿನ ಹೊಲಗಳಲ್ಲಿ ಜೇಡಿಮಣ್ಣು ಸೀಸಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಹುಲ್ಲಿಗೆ ಬಿಡಲಿಲ್ಲ, ಅಲ್ಲಿ ಬೇಗ ಸರಿಹೋಯಿತು. ಗುಡ್ಡದ ಮೇಲಿನದು ಸೊಪ್ಪುಸದೆ ಅರೆಬರೆ ಕೊಳೆತು ಆದ ಜೌಗು ಮಣ್ಣು. ಹುಳಿ ಜಾಸ್ತಿ, ಜೇಡಿ ಕಡಿಮೆ, ಪೊಟ್ಯಾಸಿಯಂ ಕಡಿಮೆ. ಅಲ್ಲಿ ಸೀಸಿಯಂ ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ಕುರಿಗೆ, ಕುರಿಯ ಹಿಕ್ಕೆಯಿಂದ ಮತ್ತೆ ಮಣ್ಣಿಗೆ ಸುತ್ತುತ್ತಲೇ ಇತ್ತು. ಸೀಸಿಯಂ-137 ಅರ್ಧಕ್ಕೆ ಇಳಿಯಲು 30 ವರ್ಷ ಬೇಕು, ಸುಮ್ನೆ ಕಾದು ಕೂತರೆ ಮುಗಿಯುವ ವಿಷಯವೇ ಅಲ್ಲ.

ಅದೇ ಕಂಬ್ರಿಯಾದಲ್ಲಿ ಇನ್ನೊಂದು ಘಟನೆ ಮೊದಲೇ ನಡೆದಿತ್ತು. 1957ರ ಅಕ್ಟೋಬರಿನಲ್ಲಿ ವಿಂಡ್‌ಸ್ಕೇಲ್ ಅಣುಸ್ಥಾವರಕ್ಕೆ ಬೆಂಕಿ ಬಿದ್ದು, ಸುತ್ತಲಿನ ಸುಮಾರು 500 ಚದರ ಕಿಲೋಮೀಟರಿನ ಹಾಲನ್ನು ವಾರಗಟ್ಟಲೆ ಚೆಲ್ಲಿಸಿದ್ದರು. ಅಲ್ಲಿ ತೊಂದರೆ ಮಾಡಿದ್ದು ಅಯೋಡಿನ್-131, ಅದು ಎಂಟು ದಿನಕ್ಕೊಮ್ಮೆ ಅರ್ಧ ಆಗುತ್ತಾ ಹೋಗುತ್ತದೆ. ಹಾಗಾಗಿ ಹಾಲಿನ ಮೇಲಿನ ತಡೆ ವಾರಗಳಲ್ಲಿ ಮುಗಿಯಿತು. ಯಾವ ವಸ್ತು ಬಿದ್ದಿದೆ ಅನ್ನುವುದರ ಮೇಲೆ ತಡೆ ವಾರಗಳಾ ದಶಕಗಳಾ ಅಂತ ತೀರ್ಮಾನ ಆಗುತ್ತದೆ, ನನ್ನ ಕೈಯಲ್ಲಿರುವ ಮೀಟರಿಗೆ ಹೇಳಲು ಬರದಿರುವುದೂ ಅದನ್ನೇ.

ವೇಲ್ಸ್‌ನ ರೈತರು ಈ ಇಪ್ಪತ್ತಾರು ವರ್ಷ ಕುರಿ ಮಾರದೆ ಕೂತಿರಲಿಲ್ಲ. ಅಲ್ಲಿ ಗುರುತು ಹಾಕಿ ಬಿಡುವ ಒಂದು ವ್ಯವಸ್ಥೆ ತಂದರು. ಕುರಿ ಸಾಗಿಸಬೇಕು ಅಂದರೆ ರೈತ ಮೊದಲೇ ತಿಳಿಸಬೇಕಿತ್ತು. ಅಧಿಕಾರಿಗಳು ಜಮೀನಿಗೇ ಬರುತ್ತಿದ್ದರು. ಯಾವ ವಸ್ತುವಿನ ವಿಕಿರಣ ಅಂತ ಗುರುತಿಸಬಲ್ಲ, ಸೋಡಿಯಂ ಅಯೋಡೈಡ್ ಹರಳು ಇರುವ ಉಪಕರಣವನ್ನು ಒಂದೊಂದೇ ಕುರಿಯ ಹಿಂಭಾಗಕ್ಕೆ ಒತ್ತಿ ಹಿಡಿದು ಅಳೆಯುತ್ತಿದ್ದರು. ಕುರಿ ಕೊಲ್ಲಬೇಕಿರಲಿಲ್ಲ, ರಕ್ತ ತೆಗೆಯಬೇಕಿರಲಿಲ್ಲ. ಮಿತಿ ದಾಟಿದ ಕುರಿಗೆ ಬಣ್ಣ ಹಚ್ಚುತ್ತಿದ್ದರು, ಬಣ್ಣ ಇರುವುದು ಕಸಾಯಿಖಾನೆಗೆ ಹೋಗುವಂತಿರಲಿಲ್ಲ. ಇಲ್ಲಿ ಒಂದು ವಿಷಯ ನನಗೆ ತುಂಬಾ ಇಷ್ಟವಾಯಿತು. ಕಾನೂನಿನ ಮಿತಿ 1,000, ಆದರೆ ಬದುಕಿರುವ ಕುರಿಯ ಮೇಲೆ ಹೊರಗಿಂದ ಅಳೆದಾಗ ತಪ್ಪು ಆಗಬಹುದು ಅಂತ 645 ದಾಟಿದರೆ ಸಾಕು ಬಣ್ಣ ಹಚ್ಚುತ್ತಿದ್ದರು. ತಮ್ಮ ಯಂತ್ರ ಎಷ್ಟು ತಪ್ಪಬಹುದು ಅನ್ನುವುದನ್ನು ಲೆಕ್ಕಕ್ಕೆ ತಗೊಂಡು, ಆ ತಪ್ಪು ತಿನ್ನುವವರ ತಲೆ ಮೇಲೆ ಬೀಳದ ಹಾಗೆ ನೋಡಿಕೊಂಡರು. ಅಳತೆಗೆ ಹಿಡಿದ ಒಂದೊಂದು ಕುರಿಗೂ ರೈತನಿಗೆ 1.30 ಪೌಂಡ್ ಕೊಡುತ್ತಿದ್ದರು, ಕುರಿಗಳನ್ನು ಗುಡ್ಡದಿಂದ ಒಟ್ಟುಮಾಡಿ ತರುವ ಕೆಲಸಕ್ಕೆ ಅಂತ.

ಬಣ್ಣ ಬಿದ್ದ ಕುರಿ ಅಲ್ಲಿಗೆ ಕೆಟ್ಟಿತು ಅಂತಲೂ ಅಲ್ಲ. ಸೀಸಿಯಂ ಮಣ್ಣಲ್ಲಿ ದಶಕಗಟ್ಟಲೆ ಉಳಿದರೂ ಪ್ರಾಣಿಯ ಮೈಯಲ್ಲಿ ಹಾಗೆ ನಿಲ್ಲಲ್ಲ. ತಗ್ಗಿನ ಶುದ್ಧ ಹುಲ್ಲುಗಾವಲಿಗೆ ಇಳಿಸಿ ಮೇಯಿಸಿದರೆ ಒಂದೆರಡು ವಾರಕ್ಕೆ ಅರ್ಧ, ಮತ್ತೆ ಒಂದೆರಡು ವಾರಕ್ಕೆ ಅದರ ಅರ್ಧ, ಹೀಗೆ ಇಳಿಯುತ್ತದೆ. ಆಮೇಲೆ ಮತ್ತೆ ಅಳೆದು ಬಿಡಬಹುದು. ನಾರ್ವೆಯಲ್ಲಿ ಕುರಿಗಳಿಗೂ ಹಿಮಸಾರಂಗಗಳಿಗೂ ಪ್ರಷ್ಯನ್ ಬ್ಲೂ ಅನ್ನುವ ನೀಲಿ ಪುಡಿಯನ್ನು ನೆಕ್ಕುವ ಉಪ್ಪಿನಲ್ಲಿ ಸೇರಿಸಿ ಕೊಟ್ಟರು, ಗುಳಿಗೆ ಮಾಡಿಯೂ ನುಂಗಿಸಿದರು. ಅದು ಹೊಟ್ಟೆಯಲ್ಲೇ ಸೀಸಿಯಂ ಅನ್ನು ಹಿಡಿದುಕೊಂಡು ಸಗಣಿಯಲ್ಲಿ ಹೊರಗೆ ಹೋಗುತ್ತದೆ. ನಾವೂ ದನಕ್ಕೆ ಉಪ್ಪು ನೆಕ್ಕಿಸುವವರೇ ಅಲ್ವಾ, ಕೊಡುವ ರೀತಿ ಹೊಸದೇನಲ್ಲ.

ಇನ್ನು ತೆಗೆದ ಬಗೆ. ಒಂದೇ ದಿನ ಎಲ್ಲಾ ಕಡೆ ತೆಗೆಯಲಿಲ್ಲ. ಅಳೆದು ಅಳೆದು ಕೆಳಗಿಳಿದ ಜಮೀನುಗಳನ್ನು ಪಟ್ಟಿಯಿಂದ ಬಿಡುತ್ತಾ ಬಂದರು. ಉತ್ತರ ಐರ್ಲೆಂಡಿನಲ್ಲಿ 2000ದಲ್ಲಿ ಮುಗಿಯಿತು, ಸ್ಕಾಟ್ಲೆಂಡಿನಲ್ಲಿ 2010ರಲ್ಲಿ. ಕೊನೆಗೆ ಉಳಿದದ್ದು ಉತ್ತರ ವೇಲ್ಸ್‌ನ 334 ಮತ್ತು ಕಂಬ್ರಿಯಾದ 8 ಹಿಡುವಳಿಗಳು. ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ಮತ್ತೆ ಕುರಿಗಳನ್ನು ಅಳೆಯಿತು, ಜನ ಎಷ್ಟು ಮಾಂಸ ತಿನ್ನುತ್ತಾರೆ, ಅದರಿಂದ ಮೈಗೆ ಎಷ್ಟು ವಿಕಿರಣ ಹೋಗುತ್ತದೆ ಅಂತ ಲೆಕ್ಕ ಹಾಕಿತು, ಆ ಲೆಕ್ಕವನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಿತು. ಎಲ್ಲೋ ಕೆಲವು ಕುರಿ 1,000 ದಾಟಬಹುದು, ಆದರೂ ತಿನ್ನುವವರಿಗೆ ಅಪಾಯ ತೀರಾ ಕಡಿಮೆ, ಇಷ್ಟಕ್ಕೆ ರೈತರನ್ನು ಇನ್ನೂ ಕಟ್ಟಿಹಾಕುವುದು ಸರಿಯಲ್ಲ ಅಂತ ತೀರ್ಮಾನಿಸಿ ತೆಗೆದರು. ಇದನ್ನು ಓದಿದಾಗ ಮೊದಲು ಕಸಿವಿಸಿ ಆಗುವುದು ಸಹಜ. ಮಿತಿ ದಾಟಿದ ಕುರಿ ಇರಬಹುದು ಅಂತ ಗೊತ್ತಿದ್ದೂ ಬಿಡುವುದಾ? ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ, ಯಾಕೆಂದರೆ ಅದರ ಹಿಂದೆ ಇಪ್ಪತ್ತಾರು ವರ್ಷದ ಅಳತೆ ಇತ್ತು, ಮತ್ತು ಮುಚ್ಚಿಡದೆ ಹೇಳಿದರು. ಅಳೆಯದೆ "ಏನೂ ಆಗಲ್ಲ ಮಾರಿ" ಅನ್ನುವುದಕ್ಕೂ ಇದಕ್ಕೂ ಅಜಗಜಾಂತರ.

ಆ ಸೇವೆಗೆ ನಕ್ಷತ್ರ ಕೊಡಿ ಅಂದರೆ ನಾಲ್ಕು ಕೊಡುತ್ತೇನೆ. ಕಳೆಯುವುದು ಮೊದಲಿನ ಮೂರು ವಾರದ ಮಾತಿಗೆ. ಗೊತ್ತಿಲ್ಲದೆ ದಿನ ಹೇಳಬಾರದಿತ್ತು. ಕುರಿ ಮಾರುವ ಕಾಲ, ಮರಿ ಹಾಕುವ ಕಾಲ ನೋಡಿಕೊಂಡು ವರ್ಷದ ಲೆಕ್ಕ ಹಾಕುವ ಮನೆಗಳಿಗೆ ಸುಳ್ಳು ಗಡುವಿಗಿಂತ "ಇನ್ನೂ ಗೊತ್ತಿಲ್ಲ" ಅನ್ನುವ ಮಾತೇ ಎಷ್ಟೋ ಉಪಯೋಗ.

ಜಪಾನಿನ ಕಥೆ ನಮಗೆ ಇನ್ನೂ ಹತ್ತಿರದ್ದು, ಅಲ್ಲಿ ತೊಂದರೆ ಬಂದದ್ದು ಭತ್ತದ ಹುಲ್ಲಿನಿಂದ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಅಪಘಾತ ಆದಾಗ ಕೊಯ್ಲಿನ ಹುಲ್ಲು ಗದ್ದೆಯಲ್ಲೇ ಬಯಲಿಗೆ ಬಿದ್ದಿತ್ತು, ಅದರ ಮೇಲೆ ಸೀಸಿಯಂ ಇಳಿಯಿತು, ಅದನ್ನೇ ಒಟ್ಟುಮಾಡಿ ಮಾಂಸದ ದನಗಳಿಗೆ ಹಾಕಿದರು, ದೂರದ ಜಿಲ್ಲೆಗಳಿಗೂ ಆ ಹುಲ್ಲು ಮಾರಾಟವಾಯಿತು. ಮಾಂಸ ಮಾರುಕಟ್ಟೆಗೆ ಹೋದ ಮೇಲೆ ಗೊತ್ತಾಯಿತು. ಜುಲೈ 19ಕ್ಕೆ ಫುಕುಶಿಮಾ ಪ್ರಾಂತ್ಯದಿಂದ ಮಾಂಸದ ದನ ಹೊರಗೆ ಕಳಿಸಬಾರದು ಅಂತ ಆದೇಶ ಬಂತು. ಆಗಸ್ಟ್ 25ಕ್ಕೆ ಅದನ್ನು ಸಡಿಲಿಸಿದರು, ಪರೀಕ್ಷೆ ಮಾಡಿ ಬಿಡುವ ಷರತ್ತಿನ ಮೇಲೆ. ವೇಲ್ಸ್‌ನ ಹಾಗೆ ದಶಕ ಬೇಕಾಗಲಿಲ್ಲ, ಯಾಕೆಂದರೆ ಕೆಟ್ಟಿದ್ದು ಮೇವು, ಮೇವು ಬದಲಾಯಿಸಿದರೆ ದನ ಸರಿಹೋಗುತ್ತದೆ. ಮುಂದಿನ ವರ್ಷ ಅಕ್ಟೋಬರಿನಿಂದ ದನದ ಮಾಂಸದ ಮಿತಿಯನ್ನು ಕೆಜಿಗೆ 500ರಿಂದ 100 ಬೆಕೆರೆಲಿಗೆ ಇಳಿಸಿ ಇನ್ನೂ ಬಿಗಿ ಮಾಡಿದರು. ಗದ್ದೆಗಳಿಗೆ ಪೊಟ್ಯಾಶ್ ಜಾಸ್ತಿ ಹಾಕಿಸಿದರು, ಭತ್ತ ಸೀಸಿಯಂ ಎಳೆದುಕೊಳ್ಳದ ಹಾಗೆ. ನನ್ನ ಮೀಟರ್ ಕಿರುಚಿದ ಅದೇ ಪೊಟ್ಯಾಶ್!

ನಾನಿದನ್ನು ನಮ್ಮ ಕಡೆಗೆ ಹಚ್ಚಿ ಯೋಚನೆ ಮಾಡುತ್ತಿದ್ದೇನೆ. ನಮ್ಮದು ಮಳೆ ಸುರಿಯುವ ಬೆಟ್ಟ. ವೇಲ್ಸ್‌ನ ಜೌಗು ಮಣ್ಣಲ್ಲ, ಆದರೆ ಹುಳಿ ಮಣ್ಣಂತೂ ಹೌದು, ಪೊಟ್ಯಾಶ್ ಮಳೆಗೆ ತೊಳೆದು ಹೋಗುತ್ತದೆ ಅಂತ ತೋಟ ಇದ್ದವರಿಗೆಲ್ಲ ಗೊತ್ತು. ಗಿಡ್ಡ ದನಗಳು ಕಟ್ಟಿ ಮೇಯುವ ಜಾತಿಯಲ್ಲ, ಬೆಳಿಗ್ಗೆ ಬಿಟ್ಟರೆ ಸೊಪ್ಪಿನ ಬೆಟ್ಟ, ಕಾಡು ಸುತ್ತಿ ಸಂಜೆ ಬರುತ್ತವೆ. ಆ ಸೊಪ್ಪನ್ನೇ ಕಡಿದು ಕೊಟ್ಟಿಗೆಗೆ ಹಾಸುತ್ತೇವೆ, ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಶಿಕಾರಿಪುರ, ಸೊರಬದ ಕಡೆ ಬಯಲುಸೀಮೆಯಿಂದ ಕುರಿ ಮಂದೆ ಬಂದು ಗದ್ದೆಯಲ್ಲಿ ನಿಲ್ಲುತ್ತವೆ. ದನ ಓಡಾಡಬಾರದು ಅಂತ ಒಂದು ಆದೇಶ ಬಂದರೆ ಏನಾಗುತ್ತದೆ ಅಂತ 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯದ ಎಷ್ಟೋ ಕಡೆ ನೋಡಿದ್ದಾರೆ, ಸಂತೆ ನಿಂತಿತು, ಜಾತ್ರೆ ನಿಂತಿತು, ಮಾರಬೇಕಾದವರು ಮಾರಲಾಗದೆ ಮೇವು ಹಾಕುತ್ತಾ ಕೂತರು. ರೋಗಕ್ಕಾದರೆ ಲಸಿಕೆ ಇತ್ತು, ಕಣ್ಣಿಗೆ ಕಾಣುವ ಗಂಟು ಇತ್ತು. ವಿಕಿರಣ ಬಿದ್ದ ದನ ನೋಡಲು ಆರೋಗ್ಯವಾಗೇ ಇರುತ್ತದೆ. ಅಳೆದವರ ಮಾತೊಂದೇ ಆಧಾರ.

ಇಂಥದ್ದು ನಮಗೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಬರದೇ ಇರಲಿ. ಆದರೆ ಸಿದ್ಧತೆ ಅಂತ ಕೇಳುವುದಿದ್ದರೆ ಮನೆಮನೆಗೆ ಆರೂವರೆ ಸಾವಿರದ ಮೀಟರ್ ಕೇಳುವುದಲ್ಲ. ಜಿಲ್ಲೆಗೆ ಒಂದೆರಡಾದರೂ ಹರಳಿನ ಉಪಕರಣ, ಅದನ್ನು ದನದ ಮೈಗೆ ಹಿಡಿದು ಓದಲು ಕಲಿತ ಪಶುವೈದ್ಯರು, ಹಾಲಿನ ಮಾದರಿ ಎಲ್ಲಿಗೆ ಕಳಿಸಬೇಕು ಅಂತ ಮೊದಲೇ ಬರೆದಿಟ್ಟ ಒಂದು ಹಾಳೆ ಕೇಳಬೇಕು. ಅಂಥ ಉಪಕರಣದ ಬೆಲೆ ಲಕ್ಷಗಳಲ್ಲಿದೆ, ಒಬ್ಬ ರೈತ ತಗೊಳ್ಳಲಾಗಲ್ಲ, ತಗೊಳ್ಳಬೇಕಾಗಿಯೂ ಇಲ್ಲ. ನಮ್ಮ ದನಗಳ ಕಿವಿಯಲ್ಲಿ ಆಗಲೇ ಹನ್ನೆರಡು ಅಂಕಿಯ ಓಲೆ ಇದೆ. ಯಾವ ದನ ಅಳೆದಾಯಿತು, ಯಾವುದನ್ನು ಬಿಟ್ಟಾಯಿತು ಅಂತ ಬರೆದಿಡಲು ವೇಲ್ಸ್‌ನವರ ಬಣ್ಣಕ್ಕಿಂತ ಅದು ಒಳ್ಳೆ ದಾರಿ.

ಮನೆಯಲ್ಲಿ ಉಪಯೋಗಕ್ಕೆ ಬರುವ ಒಂದೆರಡು ವಿಷಯ ಹೇಳುತ್ತೇನೆ, ಇವಕ್ಕೆ ಮೀಟರ್ ಬೇಡ. ಅಣು ಅಪಘಾತದ ಸುದ್ದಿ ಬಂದರೆ ಮೊದಲು ದನ ಒಳಗೆ ಕಟ್ಟಿ, ಬಣವೆ ಮೇಲೆ ಟಾರ್ಪಾಲು ಹೊದಿಸಿ, ಮಳೆಗೆ ನೆನೆಯದ ಒಳಗಿನ ಹುಲ್ಲು ಹಾಕಿ, ಹಸಿಹುಲ್ಲು ಕೊಯ್ಯಬೇಡಿ. ಫುಕುಶಿಮಾದ ಹುಲ್ಲು ಕೆಟ್ಟದ್ದು ಬಯಲಲ್ಲಿ ಬಿದ್ದಿದ್ದಕ್ಕೆ. ಸೀಸಿಯಂ ಇರುವ ಹಾಲು ಕಡೆದರೆ ಅದು ಹೆಚ್ಚಾಗಿ ಮಜ್ಜಿಗೆಯಲ್ಲೇ ಉಳಿಯುತ್ತದೆ, ಬೆಣ್ಣೆ ತುಪ್ಪಕ್ಕೆ ಹೋಗುವುದು ಕಡಿಮೆ. ಹಾಗಂತ ನೀವೇ ತೀರ್ಮಾನ ಮಾಡಿ ತಿನ್ನಬೇಡಿ, ಅಳೆದವರು ಹೇಳುವವರೆಗೆ ಕಾಯಿರಿ.

ಮತ್ತೆ ಮೀಟರಿಗೆ ಬರುತ್ತೇನೆ. ಮಾರಿದವರಿಗೆ ಹಾಲಿನ ವಿಷಯ ಕೇಳಿ ಮೆಸೇಜ್ ಮಾಡಿದೆ. ಕೆಜಿಗೆ ಎಷ್ಟು ಬೆಕೆರೆಲ್ ಇದ್ದರೆ ಇದು ಹಿಡಿಯುತ್ತದೆ, ಆ ಅಂಕಿ ಕೊಡಿ ಅಂತ. ಮೊದಲು "ಎಲ್ಲಾ ತರದ ವಿಕಿರಣ ಹಿಡಿಯುತ್ತದೆ ಸರ್" ಅಂತ ಬಂತು. ಮತ್ತೆ ಕೇಳಿದ್ದಕ್ಕೆ ಅದೇ ಕೈಪಿಡಿ ಕಳಿಸಿದರು. ಟ್ರಿಟಿಯಂ ಬಗ್ಗೆ ಕೇಳಿದ ಮೇಲೆ ಉತ್ತರವೇ ಇಲ್ಲ. ವಾಪಸ್ ತಗೊಳ್ಳಿ ಅಂದರೆ ಪೆಟ್ಟಿಗೆ ಒಡೆದಿದೆ, ಆಗಲ್ಲ ಅಂದರು. ಪೆಟ್ಟಿಗೆ ಒಡೆಯದೆ ಪರೀಕ್ಷೆ ಮಾಡುವುದು ಹೇಗೆ?

ಯಾರು ತಗೊಳ್ಳಬಹುದು ಅಂದರೆ, ಹೈಸ್ಕೂಲು, ಪಿಯು ಕಾಲೇಜಿನ ವಿಜ್ಞಾನದ ಮೇಷ್ಟ್ರುಗಳು. ಪೊಟ್ಯಾಶ್, ಗ್ರಾನೈಟ್, ಜಗಲಿ ಮೂರನ್ನು ಅಳೆದು ತೋರಿಸಿದರೆ ಮಕ್ಕಳಿಗೆ ವಿಕಿರಣ ಅಂದರೆ ಏನು ಅಂತ ಒಂದೇ ಪಿರಿಯಡ್ಡಿನಲ್ಲಿ ಅರ್ಥವಾಗುತ್ತದೆ, ಹೆದರಿಕೆಯೂ ಹೋಗುತ್ತದೆ. ನಮ್ಮದನ್ನೂ ಊರಿನ ಶಾಲೆಗೆ ಕೊಡುವುದು ಅಂತ ಮಾತಾಗಿದೆ. ಸುತ್ತಲಿನ ವಿಕಿರಣ ಒಂದೇ ಸಲ ಹತ್ತಾರು ಪಟ್ಟು ಏರುವಂಥ ದೊಡ್ಡ ಅನಾಹುತ ಆದರೆ ಅದನ್ನೂ ಇದು ತೋರಿಸುತ್ತದೆ, ಅಷ್ಟರಮಟ್ಟಿಗೆ ಸುಳ್ಳಲ್ಲ. ಹಾಲು, ಮೇವು, ಮಾಂಸ ನೋಡಲು ಅಂತ ತಗೊಳ್ಳುವವರಿದ್ದರೆ ಬೇಡ. ಆ ಆರೂವರೆ ಸಾವಿರಕ್ಕೆ ಬಣವೆಗೆ ಒಳ್ಳೆ ಟಾರ್ಪಾಲು ಬರುತ್ತದೆ.